ಲೈಬ್ರರಿಯ ಸರ್ವರಿಗೆ ಕೈ ಹಾಕುವ ಮುನ್ನ

ಮಗೂ,

ಲೈಬ್ರರಿಯ ಸರ್ವರಿಗೆ ಲಾಗಿನ್ ಆದಾಗಲೆಲ್ಲ ‘ಹೊಸ ಆವೃತ್ತಿ 24.04 ಎಲ್‌ಟಿಎಸ್ ಬಂದಿದೆ, ಬೇಕಿದ್ದರೆ ಈ ಕಮಾಂಡು ಕೊಡಿ’ ಎಂಬ ಸಾಲು ಕಾಣಿಸುತ್ತದೆ, ಏನು ಮಾಡಲಿ ಮಾವ ಎಂದು ಕೇಳಿದ್ದೀಯ. ಫೋನಿನಲ್ಲೇ ಎರಡು ಮಾತು ಹೇಳಿ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆ ಒಮ್ಮೆ ಬಂದು ಹೋಗುವಂಥದ್ದಲ್ಲ. ನೀನು ಈ ಕೆಲಸದಲ್ಲಿ ಇರುವಷ್ಟು ಕಾಲ ಎರಡು ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಹಾಗಾಗಿ ಬರೆದೇ ಕಳಿಸುತ್ತಿದ್ದೇನೆ. ಪುರುಸೊತ್ತು ಮಾಡಿಕೊಂಡು ಓದು.

ಮೊದಲು ಆ ಸಾಲಿನ ಬಗ್ಗೆ. ಅದು ಬರೀ ಸುದ್ದಿ. ನಿನ್ನ ಯಂತ್ರಕ್ಕೆ ಏನೋ ಆಗಿದೆ ಎಂದು ಅದು ಹೇಳುತ್ತಿಲ್ಲ, ಇವತ್ತೇ ಮಾಡು ಎಂದು ಅವಸರಿಸುತ್ತಲೂ ಇಲ್ಲ. ದಿನಾ ಕಣ್ಣಿಗೆ ಬಿದ್ದು ಬಿದ್ದು ಮನಸ್ಸಿಗೆ ಕಿರಿಕಿರಿಯಾಗಿ, ಯಾವುದೋ ಒಂದು ಸಂಜೆ ಹೇಗೂ ಬಿಡುವಿದೆಯಲ್ಲ ಎಂದು ಎಂಟರ್ ಒತ್ತಿಬಿಡುವುದೇ ನಿನ್ನ ವಯಸ್ಸಿನವರಿಗೆ ಆಗುವ ತೊಂದರೆ. ಕಿರಿಕಿರಿ ತಪ್ಪಿಸಿಕೊಳ್ಳಲು ಸರ್ವರಿಗೆ ಕೈ ಹಾಕಬಾರದು.

ನಿನ್ನ ಸರ್ವರಿನಲ್ಲಿ ಇರುವುದು ಉಬುಂಟು 22.04. ಅಂದರೆ 2022ರ ನಾಲ್ಕನೇ ತಿಂಗಳು ಹೊರಬಂದದ್ದು. ಉಬುಂಟು ಆರು ತಿಂಗಳಿಗೊಂದು ಆವೃತ್ತಿ ಬಿಡುತ್ತದೆ. ಅವುಗಳಲ್ಲಿ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವುದಕ್ಕೆ ಮಾತ್ರ ಎಲ್‌ಟಿಎಸ್ ಎಂಬ ಹೆಸರು, ಬಹುಕಾಲ ದುರಸ್ತಿ ಮಾಡಿಕೊಡುತ್ತೇವೆ ಎಂಬ ಮಾತು. ಮೊದಲ ಎಲ್‌ಟಿಎಸ್ 6.06. ಅದು 2006ರ ಏಪ್ರಿಲ್‌ನಲ್ಲಿ ಬರಬೇಕಿತ್ತು. ಇನ್ನಷ್ಟು ತಿದ್ದಿ ತೀಡಬೇಕೆಂದು ಜೂನ್‌ಗೆ ಮುಂದೂಡಿದರು. ಜನ ವರ್ಷಗಟ್ಟಲೆ ನೆಚ್ಚಿಕೊಳ್ಳುವಂಥದ್ದು ಆರು ವಾರ ತಡವಾದರೂ ಚಿಂತೆಯಿಲ್ಲ ಎಂದ ಆ ನಿರ್ಧಾರ ನನಗೆ ಇವತ್ತಿಗೂ ಹಿಡಿಸುತ್ತದೆ. ಮೊದಮೊದಲು ಡೆಸ್ಕ್‌ಟಾಪಿಗೆ ಮೂರು ವರ್ಷ, ಸರ್ವರಿಗೆ ಐದು ವರ್ಷ ಎಂದಿತ್ತು. 12.04ರಿಂದ ಎರಡಕ್ಕೂ ಐದು ವರ್ಷವಾಯಿತು. ಆ ಲೆಕ್ಕದಲ್ಲಿ ನಿನ್ನ 22.04ರ ಗಡುವು 2027ರ ಏಪ್ರಿಲ್, 24.04ರದ್ದು 2029. ನಡುನಡುವೆ ಬರುವ 24.10, 25.04ರಂಥವಕ್ಕೆ ಒಂಬತ್ತೇ ತಿಂಗಳ ಆಯುಸ್ಸು. ಲೈಬ್ರರಿಯ ಸರ್ವರನ್ನು ಆ ದಾರಿಗೆ ಹಚ್ಚಲೇಬೇಡ.

ಈ ಐದು ವರ್ಷ ಅವರು ಮಾಡುವ ಕೆಲಸವೇನು ಎಂದು ತಿಳಿದರೆ ನಿನ್ನ ಅರ್ಧ ಗೊಂದಲ ಕಳೆಯುತ್ತದೆ. ಒಂದು ಪ್ಯಾಕೇಜಿನಲ್ಲಿ ಭದ್ರತೆಯ ದೋಷ ಸಿಕ್ಕಿತು ಎಂದಿಟ್ಟುಕೋ. ಸಾಮಾನ್ಯವಾಗಿ ಅವರು ಆ ಪ್ಯಾಕೇಜಿನ ಹೊಸ ಆವೃತ್ತಿಯನ್ನು ತಂದು ತುಂಬುವುದಿಲ್ಲ. ಹೊಸ ಆವೃತ್ತಿಯಲ್ಲಿ ದೋಷವನ್ನು ಸರಿಪಡಿಸಿದ ನಾಲ್ಕು ಸಾಲು ಯಾವುವೋ ಅವನ್ನಷ್ಟೇ ಬಿಡಿಸಿ ತೆಗೆದು, ಹಳೆಯ ಆವೃತ್ತಿಗೆ ಹೊಂದಿಸಿ ಕೂರಿಸುತ್ತಾರೆ. ಹೊಸ ಗುಣಗಳೂ ಬರುವುದಿಲ್ಲ, ಹೊಸ ಅವಗುಣಗಳೂ ಬರುವುದಿಲ್ಲ. ನಿನ್ನೆ ಓಡಿದ ತಂತ್ರಾಂಶ ಇವತ್ತೂ ಹಾಗೆಯೇ ಓಡುತ್ತದೆ. ಎಲ್‌ಟಿಎಸ್‌ಗೆ ಬೆಲೆ ಬರುವುದು ಇದರಿಂದಲೇ.

ಕಣ್ಣಾರೆ ನೋಡು. 22.04ರಲ್ಲಿರುವ ಓಪನ್ ಎಸ್‌ಎಸ್‌ಎಚ್ 8.9. ಕೊನೆಯವರೆಗೂ ಅದು 8.9 ಆಗಿಯೇ ಇರುತ್ತದೆ. ಕಾಲೇಜಿನ ನೆಟ್‌ವರ್ಕ್ ಪರೀಕ್ಷೆಗೆ ಬಂದವರು ಸ್ಕ್ಯಾನರ್ ಓಡಿಸಿ, ‘8.9 ಹಳೆಯದು, ಅಪಾಯ’ ಎಂದು ಕೆಂಪು ಅಕ್ಷರದಲ್ಲಿ ವರದಿ ಕೊಟ್ಟು ಹೋಗುತ್ತಾರೆ. ಪ್ರಾಂಶುಪಾಲರು ನಿನ್ನನ್ನು ಕರೆಸುತ್ತಾರೆ. ಆಗ ಗಾಬರಿಯಾಗದೆ ಪ್ಯಾಕೇಜಿನ ಆವೃತ್ತಿ ಸಂಖ್ಯೆಯನ್ನು ಪೂರ್ತಿ ಓದು: ‘8.9ಪಿ1-3ಉಬುಂಟು0.10’. ಸ್ಕ್ಯಾನರು ಬರೀ ತಲೆಯನ್ನು ನೋಡಿದೆ, ನಡೆದಿರುವ ಕೆಲಸ ಬಾಲದಲ್ಲಿದೆ. ಆ 0.10 ಎಂಬುದು 2024ರ ಜುಲೈ 1ರಂದು ಬಂದ ಬಹು ಮುಖ್ಯ ತಿದ್ದುಪಡಿ. ಅದಕ್ಕಿಂತ ದೊಡ್ಡ ಅಂಕಿ ಇದ್ದರೆ ಅದರ ಮೇಲೆ ಇನ್ನಷ್ಟು ಬಂದಿವೆ ಎಂದರ್ಥ. ‘ಆಪ್ಟ್ ಚೇಂಜ್‌ಲಾಗ್’ ಕೊಟ್ಟು ನೋಡಿದರೆ ಯಾವ ದಿನ ಯಾವ ದೋಷ ಮುಚ್ಚಿದರು ಎಂಬುದೆಲ್ಲ ಸಾಲಾಗಿ ಸಿಗುತ್ತದೆ. ಅದನ್ನೇ ಪ್ರಿಂಟ್ ತೆಗೆದು ವರದಿಯ ಹಿಂದೆ ಲಗತ್ತಿಸಿ ಕೊಡು.

ಆ ಜುಲೈನ ದೋಷದಲ್ಲೇ ನಿನಗೆ ಬೇಕಾದ ಇನ್ನೊಂದು ಪಾಠವಿದೆ. ‘ರಿಗ್ರೆಶನ್’ ಎಂದು ಹೆಸರಾದದ್ದು ಅದು. 2006ರಲ್ಲಿ ಒಮ್ಮೆ ಮುಚ್ಚಿದ್ದ ತೂತು 2020ರಲ್ಲಿ ಕೋಡು ತಿದ್ದುವಾಗ ಯಾರಿಗೂ ತಿಳಿಯದೆ ಮತ್ತೆ ತೆರೆದುಕೊಂಡಿತ್ತು. 8.5ರಿಂದ 9.7ರವರೆಗಿನ ಓಪನ್ ಎಸ್‌ಎಸ್‌ಎಚ್‌ಗೆ ಅದು ತಟ್ಟಿತು. 22.04 ಸಿಕ್ಕಿಬಿತ್ತು, ಆಗಷ್ಟೇ ಬಂದಿದ್ದ 24.04 ಕೂಡ ಸಿಕ್ಕಿಬಿತ್ತು. ಎಲ್ಲರೂ ಹಳತಾಯಿತು ಎನ್ನುತ್ತಿದ್ದ 20.04ರಲ್ಲಿ ಇದ್ದದ್ದು 8.2, ಅದಕ್ಕೆ ಬಿಸಿಯೇ ತಾಗಲಿಲ್ಲ. ಅದಕ್ಕೂ ಹತ್ತು ವರ್ಷ ಹಿಂದೆ, 2014ರ ಏಪ್ರಿಲ್‌ನಲ್ಲಿ, ಹಾರ್ಟ್‌ಬ್ಲೀಡ್ ಎಂಬ ದೋಷಕ್ಕೆ ಜಗತ್ತೆಲ್ಲ ತತ್ತರಿಸಿದಾಗಲೂ ಹೀಗೇ ಆಯಿತು. 12.04ರಲ್ಲಿ ಓಪನ್ ಎಸ್‌ಎಸ್‌ಎಲ್ 1.0.1 ಇತ್ತು, ಏಟು ಬಿತ್ತು. 10.04ರಲ್ಲಿ 0.9.8 ಇತ್ತು, ಪಾರಾಯಿತು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಎಕ್ಸ್‌ಜೆಡ್ ಎಂಬ ಪುಟ್ಟ ತಂತ್ರಾಂಶದೊಳಗೆ ಬೇಕೆಂದೇ ಇಟ್ಟಿದ್ದ ಕಳ್ಳಬಾಗಿಲನ್ನು ಬಯಲು ಮಾಡಿದಾಗ, ಅದು ಇದ್ದದ್ದು 5.6.0 ಮತ್ತು 5.6.1ರಲ್ಲಿ, ಅಂದರೆ ಆಗ ತಾನೇ ಹೊರಬಂದಿದ್ದವುಗಳಲ್ಲಿ. ತಯಾರಾಗುತ್ತಿದ್ದ 24.04ರ ಬೀಟಾವನ್ನು ಉಬುಂಟುವಿನವರು ಒಂದು ವಾರ ಮುಂದೂಡಿ ಪ್ಯಾಕೇಜುಗಳನ್ನು ಹೊಸದಾಗಿ ಕಟ್ಟಿಕೊಂಡರು. 22.04ರಲ್ಲಿ ಇದ್ದವರಿಗೆ ಇದು ಪತ್ರಿಕೆಯಲ್ಲಿ ಓದಿದ ಸುದ್ದಿಯಷ್ಟೇ.

ಇಷ್ಟು ಕೇಳಿ, ಹಾಗಾದರೆ ಹಳತಿನಲ್ಲೇ ಇದ್ದರೆ ಕ್ಷೇಮ ಎಂದುಕೊಂಡೀಯ, ಅದೂ ಸಲ್ಲ. 2021ರ ಜನವರಿಯಲ್ಲಿ ಸುಡೊದಲ್ಲಿ ಸಿಕ್ಕ ದೋಷ 2011ರಿಂದಲೂ ಅಲ್ಲೇ ಕೂತಿತ್ತು. 2022ರ ಜನವರಿಯಲ್ಲಿ ಪಿಕೆಎಕ್ಸೆಕ್‌ನಲ್ಲಿ ಸಿಕ್ಕದ್ದಂತೂ 2009ರಷ್ಟು ಹಳೆಯದು. ಹೊಸ ಯಂತ್ರ, ಹಳೆ ಯಂತ್ರ, ಎಲ್ಲದರಲ್ಲೂ ಇತ್ತು. ಸುದ್ದಿ ಹೊರಬಿದ್ದ ದಿನವೇ ತಿದ್ದುಪಡಿಯೂ ಬಂತು, ಆದರೆ ಬಂದದ್ದು ಬೆಂಬಲ ಇದ್ದವರಿಗೆ. ಪಿಕೆಎಕ್ಸೆಕ್ ಸುದ್ದಿಯ ಹೊತ್ತಿಗೆ 16.04ರ ಐದು ವರ್ಷ ಮುಗಿದು ಒಂಬತ್ತು ತಿಂಗಳಾಗಿತ್ತು. ಮುಂದುವರಿದ ಬೆಂಬಲಕ್ಕೆ ಹೆಸರು ಕೊಟ್ಟಿದ್ದವರಿಗೆ ತಿದ್ದುಪಡಿ ಸಿಕ್ಕಿತು. ಇನ್ನೂ ಚೆನ್ನಾಗಿ ಓಡುತ್ತಿದೆಯಲ್ಲ ಎಂದು ಸುಮ್ಮನಿದ್ದವರ ಯಂತ್ರದಲ್ಲಿ ತೂತು ಹಾಗೇ ಉಳಿಯಿತು. ಅಂಥ ಯಂತ್ರ ಕೆಟ್ಟು ನಿಲ್ಲುವುದೂ ಇಲ್ಲ ನೋಡು. ಪುಸ್ತಕ ಕೊಡುತ್ತದೆ, ತೆಗೆದುಕೊಳ್ಳುತ್ತದೆ, ದಂಡ ಲೆಕ್ಕ ಹಾಕುತ್ತದೆ. ಹೊರಗೆ ಏನೂ ಕಾಣುವುದಿಲ್ಲ ಎಂಬುದೇ ನನಗೆ ಭಯ.

ಆದ್ದರಿಂದ ಯಂತ್ರದ ವಯಸ್ಸು ಕೇಳಬೇಡ ಮಗೂ. ನಾಳೆ ಇದರಲ್ಲಿ ದೋಷ ಸಿಕ್ಕಿದರೆ ತಿದ್ದಿ ಕಳಿಸುವವರು ಯಾರು, ಎಲ್ಲಿಯವರೆಗೆ ಕಳಿಸುತ್ತಾರೆ? ಇದನ್ನು ಕೇಳು. ಇದಕ್ಕೆ ಉತ್ತರ ಸಿಕ್ಕರೆ ಏರಬೇಕೋ ಬೇಡವೋ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಈ ಪ್ರಶ್ನೆಯನ್ನು ಉಬುಂಟು ಎಂಬ ಇಡೀ ಗಂಟಿಗೆ ಒಟ್ಟಾಗಿ ಕೇಳಿದರೆ ಸಾಲದು, ಬಿಚ್ಚಿ ಕೇಳಬೇಕು. ಐದು ವರ್ಷದ ಮಾತು ಕೆನಾನಿಕಲ್ ಕಂಪನಿ ಕೊಟ್ಟಿರುವುದು ‘ಮೇನ್’ ಎಂಬ ವಿಭಾಗದ ಪ್ಯಾಕೇಜುಗಳಿಗೆ. ಅದಕ್ಕಿಂತ ಹಲವು ಪಟ್ಟು ದೊಡ್ಡದಾದ ‘ಯೂನಿವರ್ಸ್’ ವಿಭಾಗವನ್ನು ನೋಡಿಕೊಳ್ಳುವುದು ಸಮುದಾಯದವರು. ಅವರ ಕೈಗೆ ಬಂದಾಗ ತಿದ್ದುಪಡಿ ಬರುತ್ತದೆ. ನಿನ್ನ ಸರ್ವರಿನಲ್ಲಿ ‘ಪ್ರೊ ಸೆಕ್ಯುರಿಟಿ-ಸ್ಟೇಟಸ್’ ಎಂದು ಟೈಪ್ ಮಾಡು. ಒಟ್ಟು ಪ್ಯಾಕೇಜು ಎಷ್ಟು, ಮೇನ್‌ನಿಂದ ಬಂದವು ಎಷ್ಟು, ಯೂನಿವರ್ಸ್‌ನಿಂದ ಎಷ್ಟು, ಹೊರಗಿನವರಿಂದ ತಂದವು ಎಷ್ಟು ಎಂದು ಲೆಕ್ಕ ಒಪ್ಪಿಸುತ್ತದೆ. ಲೈಬ್ರರಿಯ ಪುಸ್ತಕ, ಸದಸ್ಯರ ಲೆಕ್ಕ ಇಡುವ ಕೋಹಾ ತಂತ್ರಾಂಶ ಓಡುವ ಯಂತ್ರವಾದ್ದರಿಂದ ಯೂನಿವರ್ಸ್‌ನ ಅಂಕಿ ದೊಡ್ಡದೇ ಇರುತ್ತದೆ, ಏಕೆಂದರೆ ಕೋಹಾಕ್ಕೆ ಬೇಕಾದ ಪರ್ಲ್ ಮಾಡ್ಯೂಲುಗಳಲ್ಲಿ ಬಹಳಷ್ಟು ಅಲ್ಲಿಂದಲೇ ಬರುತ್ತವೆ. ಉಬುಂಟು ಪ್ರೊಗೆ ಯಂತ್ರವನ್ನು ಸೇರಿಸಿದರೆ ಯೂನಿವರ್ಸ್‌ಗೂ ತಿದ್ದುಪಡಿ ಸಿಗುತ್ತದೆ, ಐದು ವರ್ಷದ ಗಡುವು ಹತ್ತಕ್ಕೆ ಏರುತ್ತದೆ. ಸ್ವಂತ ಬಳಕೆಗೆ ಐದು ಯಂತ್ರಗಳವರೆಗೆ ಅದಕ್ಕೆ ಹಣವಿಲ್ಲ. ಕಾಲೇಜಿನ ಯಂತ್ರಕ್ಕೆ ಷರತ್ತು ಏನೆಂದು ಓದಿ, ಪ್ರಾಂಶುಪಾಲರ ಗಮನಕ್ಕೆ ತಂದೇ ಸೇರಿಸು. ನಿನ್ನ ಸ್ವಂತ ಖಾತೆಗೆ ಕಾಲೇಜಿನ ಸರ್ವರನ್ನು ಕಟ್ಟಿಹಾಕಬೇಡ. ನಾಳೆ ನೀನು ಬೇರೆ ಕಡೆ ಹೋದರೆ ಅದನ್ನು ಬಿಡಿಸುವವರಿಗೆ ಪಾಡು.

ಇನ್ನು ಕೋಹಾ. ಅದು ಬರುವುದು ಕೋಹಾ ಸಮುದಾಯದ ರಿಪಾಸಿಟರಿಯಿಂದ. ಅದಕ್ಕೆ ಉಬುಂಟುವಿನವರ ಮಾತು ಅನ್ವಯಿಸುವುದಿಲ್ಲ, ಪ್ರೊ ಕೂಡ ಅದನ್ನು ಕಾಯುವುದಿಲ್ಲ. ಆರು ತಿಂಗಳಿಗೊಂದರಂತೆ ಮೇ, ನವೆಂಬರ್‌ಗಳಲ್ಲಿ ಬರುವ ಅದಕ್ಕೆ ತನ್ನದೇ ಕ್ಯಾಲೆಂಡರ್ ಇದೆ, ಯಾವ ಆವೃತ್ತಿ ಯಾವ ಉಬುಂಟು, ಯಾವ ಡೆಬಿಯನ್ ಮೇಲೆ ನಿಲ್ಲುತ್ತದೆ ಎಂಬ ತನ್ನದೇ ಪಟ್ಟಿ ಇದೆ. ನಿನ್ನ ಮಟ್ಟಿಗೆ ಯಜಮಾನ ಅದೇ. ಆ ಸರ್ವರ್ ಇರುವುದು ಉಬುಂಟು ಓಡಿಸುವುದಕ್ಕಲ್ಲ, ಕೋಹಾ ಓಡಿಸುವುದಕ್ಕೆ. ನ್ಯೂಜಿಲೆಂಡಿನ ಹೊರೊವೆನುವಾ ಲೈಬ್ರರಿಯ ಹಳೆಯ ತಂತ್ರಾಂಶ 2000ನೇ ಇಸವಿಯ ದಿನಾಂಕವನ್ನು ತಡೆದುಕೊಳ್ಳಲಾರದು ಎಂದು ಗೊತ್ತಾದಾಗ, 1999ರಲ್ಲಿ ಕೂತು ಬರೆದು, 2000ದ ಜನವರಿಯಲ್ಲಿ ಚಾಲೂ ಮಾಡಿದ ತಂತ್ರಾಂಶ ಅದು. ಗಡುವು ಬರುವುದಕ್ಕೆ ಮುಂಚೆಯೇ ಎದ್ದು ಕೆಲಸ ಮಾಡಿದವರ ಕೈಯಿಂದ ಬಂದದ್ದು. ನೀನು ಓಡಿಸುತ್ತಿರುವ ಕೋಹಾ ಆವೃತ್ತಿ 24.04ರ ಮೇಲೆ ನಿಲ್ಲುತ್ತದೆ ಎಂದು ಅವರು ಬರೆದಿರುವುದನ್ನು ಓದದ ಹೊರತು ಉಬುಂಟುವಿನ ಮಾತೇ ಎತ್ತಬೇಡ. 22.04ರಲ್ಲಿ ಮರಿಯಾ ಡಿಬಿ 10.6, ಪರ್ಲ್ 5.34. 24.04ರಲ್ಲಿ ಮರಿಯಾ ಡಿಬಿ 10.11, ಪರ್ಲ್ 5.38. ಕೆಳಗಿನ ನೆಲ ಇಷ್ಟು ಸರಿದಾಗ ಮೇಲಿನದು ಅಲುಗದೆ ಇರುತ್ತದೆ ಎಂದು ಊಹಿಸಿಕೊಳ್ಳುವುದು ಸರಿಯಲ್ಲ.

ನೀನು ಕೇಳದೆ ಇದ್ದ, ಆದರೆ ನನಗೆ ಹೆಚ್ಚು ಅವಸರದ್ದು ಅನ್ನಿಸಿದ ವಿಷಯ ಒಂದಿದೆ. ಓದುಗರು ಪುಸ್ತಕ ಹುಡುಕಲು ಬಾಗಿಲ ಬಳಿ ಇಟ್ಟಿರುವ ಹಳೆಯ ಕಂಪ್ಯೂಟರುಗಳಲ್ಲಿ, ಹಗುರವಾಗಿರುತ್ತದೆ ಎಂದು ಲುಬುಂಟು 22.04 ಹಾಕಿದ್ದೀರಿ ಎಂದೆಯಲ್ಲ. ಅಂಕಿ ಒಂದೇ ಆದ ಮಾತ್ರಕ್ಕೆ ಗಡುವೂ ಒಂದೇ ಎಂದುಕೊಳ್ಳಬೇಡ. ಲುಬುಂಟು, ಕ್ಸುಬುಂಟು, ಕುಬುಂಟು, ಇವುಗಳ ಎಲ್‌ಟಿಎಸ್‌ಗೆ ಮೂರೇ ವರ್ಷ. ಅವುಗಳ 22.04ರ ಅವಧಿ 2025ರ ಏಪ್ರಿಲ್‌ಗೇ ಮುಗಿಯಿತು. ಒಳಗಿನ ತಳಪಾಯಕ್ಕೆ ತಿದ್ದುಪಡಿ ಬರುತ್ತಿದ್ದರೂ ಮೇಲಿನ ಡೆಸ್ಕ್‌ಟಾಪ್ ಭಾಗವನ್ನು ಆ ತಂಡ ಇನ್ನು ನೋಡುವುದಿಲ್ಲ. ದಿನಕ್ಕೆ ನೂರು ಮಂದಿ ವಿದ್ಯಾರ್ಥಿಗಳು ಮುಟ್ಟುವ, ಯಾರ ಪೆನ್‌ಡ್ರೈವ್ ಬೇಕಾದರೂ ಬಂದು ಕೂರುವ ಯಂತ್ರಗಳು ಅವು. ಸರ್ವರ್ ಕಾಯಬಹುದು, ಇವು ಕಾಯಬಾರದು. ಅವುಗಳಲ್ಲಿ ಉಳಿಸಿಕೊಳ್ಳಬೇಕಾದ್ದು ಏನೂ ಇಲ್ಲವಾದ್ದರಿಂದ ಏರಿಸುವ ಗೋಜೂ ಬೇಡ. ಒಂದೊಂದನ್ನೇ ಒರೆಸಿ 24.04 ಹೊಸದಾಗಿ ಹಾಕು. ಭಾನುವಾರವೊಂದು ಸಾಕು.

ಕನ್ನಡ ಪುಸ್ತಕಗಳ ವಿವರ ತುಂಬುವ ಯಂತ್ರವನ್ನು ಮಾತ್ರ ಹಾಗೆ ಒರೆಸಬೇಡ. ಅಲ್ಲಿ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಹೊಂದಿಸಿಕೊಂಡು, ವರ್ಷಗಳ ರೂಢಿಯಿಂದ ಕೀಲಿ ನೋಡದೆ ಬಡಿಯುವ ಹಿರಿಯರು ಇದ್ದಾರೆ. ಹೊಸದನ್ನು ಹಾಕಿದ ಮೇಲೆ ಅವರನ್ನೇ ಕೂರಿಸಿ ಒಂದು ಪುಟ ಹೊಡೆಸಿ ನೋಡು. ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ಅರ್ಕಾವತ್ತು’, ‘ಹೃದಯ’ ಇಂಥ ಪದಗಳಲ್ಲಿ ಒತ್ತಕ್ಷರ, ಅರ್ಕಾವತ್ತು, ವಟ್ರಸುಳಿ ಸರಿಯಾಗಿ ಕೂರುತ್ತವೆಯೇ, ಗುಬ್ಬಿ, ನವಿಲು ಫಾಂಟುಗಳು ಬಂದಿವೆಯೇ ಎಂದು ಪರದೆಯಲ್ಲೂ ಲೇಬಲ್ ಪ್ರಿಂಟರಿನಲ್ಲೂ ನೋಡು. ಬಾರ್‌ಕೋಡ್ ಸ್ಕ್ಯಾನರಿನ ಚಿಂತೆ ಬೇಡ, ಅದು ಕೀಬೋರ್ಡಿನ ಹಾಗೆಯೇ ಕೆಲಸ ಮಾಡುತ್ತದೆ. ಪ್ರಿಂಟರಿನ ಚಿಂತೆ ಬೇಕು.

ಹಿಂದೆ ನಿಂತವರ ಮಾತನ್ನು ನಂಬಬೇಕು, ಕಣ್ಣು ಮುಚ್ಚಿ ನಂಬಬಾರದು ಎನ್ನಲು ಒಂದು ಕಾರಣ ಇದೆ. ಸೆಂಟ್‌ಒಎಸ್ 8 ಎಂಬುದನ್ನು 2029ರವರೆಗೆ ನಡೆಯುತ್ತದೆ ಎಂಬ ಭರವಸೆಯ ಮೇಲೆ ಎಷ್ಟೋ ಸಂಸ್ಥೆಗಳು ಹಾಕಿಕೊಂಡವು. 2020ರ ಡಿಸೆಂಬರ್‌ನಲ್ಲಿ, 2021ರ ಕೊನೆಗೆ ಮುಗಿಸುತ್ತೇವೆ ಎಂಬ ಪ್ರಕಟಣೆ ಬಂತು. ಎಂಟು ವರ್ಷ ಒಂದು ವರ್ಷಕ್ಕೆ ಇಳಿಯಿತು. ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್ ಹುಟ್ಟಿಕೊಂಡು ಜನರ ಕೈ ಹಿಡಿದವು, ಆ ಮಾತು ಬೇರೆ. ಗಡುವಿನ ದಿನಾಂಕವನ್ನು ಒಮ್ಮೆ ಬರೆದಿಟ್ಟು ಮರೆತುಬಿಡಬೇಡ. ವರ್ಷಕ್ಕೊಮ್ಮೆ, ಸ್ಟಾಕ್ ವೆರಿಫಿಕೇಶನ್ ಮಾಡುವ ಹೊತ್ತಿನಲ್ಲಿ, ಅದನ್ನೂ ಹೊಸದಾಗಿ ನೋಡು.

ಈಗ ನಿನ್ನ ಸರ್ವರಿಗೆ ಬರೋಣ. 22.04ಕ್ಕೆ ಬೆಂಬಲ ಇದೆ, ಕೋಹಾ ಚೆನ್ನಾಗಿ ಓಡುತ್ತಿದೆ, ಹೊಸದರಲ್ಲಿ ಇದ್ದು ಇದರಲ್ಲಿ ಇಲ್ಲದೆ ನೀನು ಒದ್ದಾಡುತ್ತಿರುವಂಥದ್ದು ಏನೂ ಇಲ್ಲ. ಆದ್ದರಿಂದ ಇವತ್ತು ಏರಿಸುವ ಕಾರಣ ಇಲ್ಲ. ಆದರೆ 2027ರ ಏಪ್ರಿಲ್‌ವರೆಗೆ ಕೂತು ಕಡೆಗೆ ಓಡುವುದೂ ಬೇಡ. ಗಡುವು ಬಂದು ಬಿದ್ದ ಹೊತ್ತಿಗೆ ನಿಮ್ಮಲ್ಲಿ ಏನು ನಡೆಯುತ್ತಿರುತ್ತದೋ ಯಾರು ಬಲ್ಲರು? ಸೆಮಿಸ್ಟರ್ ಕೊನೆಯಾದರೆ ನೋ ಡ್ಯೂ ಸರ್ಟಿಫಿಕೇಟಿಗೆ ಸಾಲು ನಿಂತಿರುತ್ತದೆ. ಲೈಬ್ರರಿಯ ಸಹಿ ಬೀಳದೆ ಹಾಲ್ ಟಿಕೆಟ್ ಸಿಗುವುದಿಲ್ಲ. ನ್ಯಾಕ್ ತಂಡ ಬರುವ ತಿಂಗಳಾದರೆ ಕೋಹಾದಿಂದ ಐದು ವರ್ಷದ ಅಂಕಿಅಂಶ ತೆಗೆದುಕೊಡು ಎಂದು ದಿನಾ ಕರೆ ಬರುತ್ತದೆ. ಮಲೆನಾಡಿನಲ್ಲಿ ಮನೆಯ ಮಾಡಿನ ಹೆಂಚನ್ನು ಬಿಸಿಲು ಕಾಯುವ ದಿನಗಳಲ್ಲೇ ಸರಿಮಾಡಿಸುತ್ತಾರೆ, ಸೋರಲು ಶುರುವಾದ ಮೇಲೆ ಯಾರೂ ಮಾಡು ಹತ್ತುವುದಿಲ್ಲ. ಗಡುವಿಗೆ ಮುಂಚಿನ ಒಂದು ದೊಡ್ಡ ರಜೆಯನ್ನು ನೀನೇ ಆರಿಸಿಕೋ. ಬೆಂಬಲ ಇನ್ನೂ ಇರುವಾಗ ಮಾಡಿದರೆ, ಹೊಸದು ಸರಿಬರದಿದ್ದರೂ ಹಳೆಯದಕ್ಕೆ ಮರಳಿ ಇನ್ನೊಂದು ರಜೆಗೆ ಕಾಯಬಹುದು. ಗಡುವು ಮೀರಿದ ಮೇಲೆ ಆ ಸ್ವಾತಂತ್ರ್ಯ ಇರುವುದಿಲ್ಲ.

ತೀರಾ ಮುಂಚೆ ಓಡುವವರಿಗೂ ಒಂದು ಮಾತಿದೆ. ಎಲ್‌ಟಿಎಸ್‌ನಿಂದ ಎಲ್‌ಟಿಎಸ್‌ಗೆ ಏರುವ ಬಾಗಿಲನ್ನು ಉಬುಂಟುವಿನವರೇ ಬಿಡುಗಡೆಯ ದಿನ ತೆರೆಯುವುದಿಲ್ಲ. ಮೊದಲ ತಿದ್ದುಪಡಿ ಆವೃತ್ತಿ, ಅಂದರೆ ಕೊನೆಗೆ ‘.1’ ಇರುವುದು, ಬಂದ ಮೇಲೆ ತೆರೆಯುತ್ತಾರೆ. 24.04 ಬಂದದ್ದು 2024ರ ಏಪ್ರಿಲ್ 25ಕ್ಕೆ, 24.04.1 ಬಂದದ್ದು ಆಗಸ್ಟ್ 29ಕ್ಕೆ, ಅದೂ ಹೇಳಿದ್ದ ದಿನಕ್ಕಿಂತ ಎರಡು ವಾರ ತಡವಾಗಿ. ಬಾಗಿಲು ತೆರೆದ ಕೆಲವೇ ದಿನಗಳಲ್ಲಿ ಏರಿಸುವ ಉಪಕರಣದಲ್ಲೇ ದೋಷ ಕಂಡು, ಮತ್ತೆ ಮುಚ್ಚಿ, ಸರಿಮಾಡಿ ತೆರೆಯಬೇಕಾಯಿತು. ಕಟ್ಟಿದವರೇ ಇಷ್ಟು ಜೋಪಾನವಾಗಿ ನಡೆಯುವಾಗ, ಕಮಾಂಡಿನ ಮುಂದೆ ‘-ಡಿ’ ಸೇರಿಸಿ ಬಾಗಿಲು ತೆರೆಯುವ ಮೊದಲೇ ನುಗ್ಗುವುದು ಲೈಬ್ರರಿ ನಂಬಿ ಕೊಟ್ಟ ಯಂತ್ರದಲ್ಲಿ ಮಾಡುವ ಕೆಲಸವಲ್ಲ. ನಿನ್ನ ಲ್ಯಾಪ್‌ಟಾಪಿನಲ್ಲಿ ಧಾರಾಳವಾಗಿ ಮಾಡು. ಕಲಿಯುವುದು ಅಲ್ಲೇ.

ರಜೆ ಬಂದಾಗ ಹೇಗೆ ಮಾಡುವುದು? ಓಡುತ್ತಿರುವ ಸರ್ವರನ್ನು ಅದಿದ್ದಲ್ಲೇ ಏರಿಸುವುದು ನನಗೆ ಇಷ್ಟವಿಲ್ಲ. ಮಾಡಲು ಬರುವುದಿಲ್ಲ ಎಂದಲ್ಲ. ಉಪಕರಣ ಚೆನ್ನಾಗಿಯೇ ಇದೆ. ಎಸ್‌ಎಸ್‌ಎಚ್ ಮೂಲಕ ಮಾಡುವಾಗ ಸಂಪರ್ಕ ಕಡಿದರೆ ಇರಲಿ ಎಂದು 1022ನೇ ಪೋರ್ಟಿನಲ್ಲಿ ಇನ್ನೊಂದು ಬಾಗಿಲನ್ನೂ ತೆರೆದುಕೊಳ್ಳುವಷ್ಟು ಮುಂದಾಲೋಚನೆ ಅದಕ್ಕಿದೆ. ಆದರೆ ಏರಿದ ಮೇಲೆ ಇಳಿಯುವ ಮೆಟ್ಟಿಲು ಇಲ್ಲ. ಹೊರಗಿನ ರಿಪಾಸಿಟರಿಗಳನ್ನೆಲ್ಲ ಅದು ಮೊದಲೇ ನಿಲ್ಲಿಸಿಬಿಡುತ್ತದೆ, ಅವುಗಳಲ್ಲಿ ಕೋಹಾದ್ದೂ ಸೇರಿತು. ನಡುವೆ ನಿಲ್ಲಿಸಿ ಒಂದೊಂದು ಕಾನ್ಫಿಗರೇಶನ್ ಫೈಲಿಗೂ ‘ನಿಮ್ಮದನ್ನೇ ಇಟ್ಟುಕೊಳ್ಳಲೇ, ಹೊಸದನ್ನು ಹಾಕಲೇ’ ಎಂದು ಕೇಳುತ್ತದೆ; ಅಪಾಚೆಯ ಫೈಲಿಗೆ, ಮರಿಯಾ ಡಿಬಿಯ ಫೈಲಿಗೆ ಏನು ಹೇಳಬೇಕೆಂದು ಆ ಹೊತ್ತಿನಲ್ಲಿ ತಲೆ ಓಡುವುದಿಲ್ಲ.

ಪಕ್ಕದಲ್ಲೇ ಇನ್ನೊಂದು ಯಂತ್ರ ಕಟ್ಟು. ಬೇರೆ ಡಬ್ಬವೇ ಬೇಕೆಂದಿಲ್ಲ, ವರ್ಚುವಲ್ ಯಂತ್ರವಾದರೂ ಆದೀತು. ಅದಕ್ಕೆ 24.04 ಹಾಕಿ, ಹಳೆಯದರಲ್ಲಿ ಇರುವ ಕೋಹಾ ಆವೃತ್ತಿಯನ್ನೇ ಹಾಕು. ಉಬುಂಟುವನ್ನೂ ಕೋಹಾವನ್ನೂ ಒಂದೇ ದಿನ ಬದಲಾಯಿಸಬೇಡ. ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ಹೇಳಲಾಗದು. ಹಳೆಯದರಲ್ಲಿ ಕೋಹಾ-ಡಂಪ್ ಕೊಟ್ಟರೆ ಎರಡು ಫೈಲು ಸಿಗುತ್ತವೆ: ಡೇಟಾಬೇಸಿನದ್ದು ಒಂದು, ಕಾನ್ಫಿಗರೇಶನ್‌ದು ಒಂದು. ಅವನ್ನು ಹೊಸದಕ್ಕೆ ಒಯ್ದು ಕೋಹಾ-ರಿಸ್ಟೋರ್ ಕೊಡು. ಈ ಬ್ಯಾಕಪ್ ರಾತ್ರಿ ತಾನಾಗಿ ಆಗುತ್ತಿದೆ ಎಂದು ಎಲ್ಲರೂ ಸಮಾಧಾನವಾಗಿ ಇರುತ್ತಾರೆ. ಅದನ್ನು ಬಿಚ್ಚಿ ಜೀವ ಬರಿಸಿ ನೋಡಿದವರು ಕಡಿಮೆ. ನೀನು ಹೊಸ ಯಂತ್ರ ಕಟ್ಟಿದ ನೆಪದಲ್ಲಿ ಅದೂ ಪರೀಕ್ಷೆಯಾಗುತ್ತದೆ. ಈ ದಾರಿಯಲ್ಲಿ ಇನ್ನೊಂದು ಅನುಕೂಲವೂ ಉಂಟು. ಇದ್ದಲ್ಲೇ ಏರಿಸುವುದಾದರೆ ಒಂದು ಎಲ್‌ಟಿಎಸ್ ಬಿಟ್ಟು ಮುಂದಿನದಕ್ಕೆ ಹಾರುವಂತಿಲ್ಲ, ಒಂದೊಂದೇ ಮೆಟ್ಟಿಲು ಹತ್ತಬೇಕು. ಹೊಸದಾಗಿ ಕಟ್ಟುವವರಿಗೆ ಆ ಕಟ್ಟಿಲ್ಲ. ಕೋಹಾದವರು ಒಪ್ಪಿರುವ ಉಬುಂಟು ಯಾವುದೋ ನೇರವಾಗಿ ಅದಕ್ಕೇ ಹೋಗಬಹುದು.

ಇನ್ನು ಎಲ್ಲರೂ ಎಡವುವ ಜಾಗ ಹೇಳುತ್ತೇನೆ, ಇದನ್ನು ಗಮನವಿಟ್ಟು ಓದು. ಹೊಸ ಯಂತ್ರದಲ್ಲಿ ಕೋಹಾ ತೆರೆಯುತ್ತದೆ, ಸದಸ್ಯರ ಪಟ್ಟಿ ಇರುತ್ತದೆ, ಪುಸ್ತಕದ ಬಾರ್‌ಕೋಡ್ ಹಿಡಿದರೆ ವಿವರ ಬರುತ್ತದೆ. ಎಲ್ಲ ಸರಿಯಾಯಿತು ಎಂದು ಸಂಭ್ರಮಪಡುವ ಹೊತ್ತಿಗೆ ಯಾರೋ ಬಂದು ಹುಡುಕು ಜಾಗದಲ್ಲಿ ‘ಕಾರಂತ’ ಎಂದು ಹಾಕುತ್ತಾರೆ; ಏನೂ ಸಿಗುವುದಿಲ್ಲ. ಪುಸ್ತಕ ಕಪಾಟಿನಲ್ಲಿದೆ, ಡೇಟಾಬೇಸಿನಲ್ಲೂ ಇದೆ. ಹುಡುಕಾಟ ನಡೆಸುವುದು ಜೀಬ್ರಾ ಎಂಬ ಬೇರೆ ತಂತ್ರಾಂಶ, ಅದಕ್ಕೆ ತನ್ನದೇ ಸೂಚಿ ಬೇಕು. ಆ ಸೂಚಿಯನ್ನು ಹೊಸ ಯಂತ್ರದಲ್ಲಿ ಮತ್ತೆ ಕಟ್ಟಬೇಕು: ಕೋಹಾ-ರಿಬಿಲ್ಡ್-ಜೀಬ್ರಾ. ಕಟ್ಟಿದ ಮೇಲೂ ಇಂಗ್ಲಿಷ್ ಪುಸ್ತಕ ಸಿಕ್ಕು ಕನ್ನಡದ್ದು ಸಿಗದಿದ್ದರೆ, ಅಥವಾ ‘ಕಾರಂತ’ ಸಿಕ್ಕು ‘ಕೃಷ್ಣ’ ಸಿಗದಿದ್ದರೆ, ಸೂಚಿ ಕಟ್ಟುವ ಬಗೆಯನ್ನು ನೋಡು. ಜೀಬ್ರಾದಲ್ಲಿ ಅದಕ್ಕೆ ಎರಡು ಬಗೆಗಳಿವೆ. ಒಂದು ರೋಮನ್ ಲಿಪಿಯ ಭಾಷೆಗಳಿಗೆ ಹೊಂದುವಂಥದ್ದು, ಇನ್ನೊಂದು ಐಸಿಯು. ಕನ್ನಡಕ್ಕೆ ಬೇಕಾದದ್ದು ಐಸಿಯು. ಹಳೆಯ ಯಂತ್ರದಲ್ಲಿ ಯಾರೋ ಎಂದೋ ಅದನ್ನು ಹಾಕಿಟ್ಟು ಹೋಗಿರುತ್ತಾರೆ, ಬರೆದಿಟ್ಟಿರುವುದಿಲ್ಲ. ಆದ್ದರಿಂದ ಹಳೆಯದನ್ನು ಮುಚ್ಚುವ ಮೊದಲು ಹತ್ತು ಕನ್ನಡ ಹೆಸರು ಆರಿಸಿಕೊಂಡು, ಹಳೆಯದರಲ್ಲಿ ಹುಡುಕಿದಾಗ ಎಷ್ಟು ಪುಸ್ತಕ ಬರುತ್ತವೆ ಎಂದು ಕಾಗದದಲ್ಲಿ ಬರೆದುಕೋ. ಒತ್ತಕ್ಷರ ಇರುವವು, ವಟ್ರಸುಳಿ ಇರುವವು, ಎರಡು ಪದ ಸೇರಿದವು, ಎಲ್ಲ ಇರಲಿ. ಹೊಸದರಲ್ಲಿ ಅಷ್ಟೇ ಬರಬೇಕು. ಕನ್ನಡ ಪುಸ್ತಕ ಹುಡುಕಿ ಸಿಗದೆ, ಇಲ್ಲವೇನೋ ಎಂದುಕೊಂಡು ವಾಪಸು ಹೋದ ಹುಡುಗಿ ನಿನ್ನ ಬಳಿ ಬಂದು ದೂರುವುದಿಲ್ಲ. ಅದಕ್ಕೇ ಇದನ್ನು ನೀನೇ ನೋಡಬೇಕು.

ಎಲ್ಲ ಸರಿಬಂದ ಮೇಲೆ ಒಂದು ದಿನ ಕೌಂಟರಿನಲ್ಲಿ ಪುಸ್ತಕ ಕೊಡುವುದನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಲು ಹೇಳು. ಆ ದಿನ ಹಳೆಯದರಿಂದ ಕೊನೆಯ ಡಂಪ್ ತೆಗೆದು, ಹೊಸದಕ್ಕೆ ತುಂಬಿ, ಹಳೆಯದರ ಐಪಿ ವಿಳಾಸವನ್ನು ಹೊಸದಕ್ಕೆ ಕೊಟ್ಟು, ರಿಜಿಸ್ಟರಿನಲ್ಲಿ ಬರೆದದ್ದನ್ನು ಏರಿಸು. ಹಳೆಯದನ್ನು ಆರಿಸಿ ಇಡು, ಒರೆಸಬೇಡ. ಒಂದು ಸೆಮಿಸ್ಟರ್ ಕಳೆಯಲಿ.

ಸಹೋದ್ಯೋಗಿಗಳು ‘ಇನ್ನೂ 22.04ರಲ್ಲೇ ಇದ್ದೀಯಾ’ ಎಂದರೆ ನಗುಮುಖದಲ್ಲೇ ಗಡುವಿನ ದಿನಾಂಕ ಹೇಳು, ನೀನು ಆರಿಸಿಕೊಂಡ ರಜೆಯ ದಿನಾಂಕವನ್ನೂ ಹೇಳು. ಎರಡೂ ಬಾಯಲ್ಲಿ ಸಿದ್ಧವಾಗಿದ್ದವರನ್ನು ಹಿಂದುಳಿದವರು ಎಂದು ಯಾರೂ ಅನ್ನುವುದಿಲ್ಲ. ಆ ಎರಡನ್ನೂ, ಕೋಹಾದ ಆವೃತ್ತಿಯನ್ನೂ, ಐಸಿಯು ಸಂಗತಿಯನ್ನೂ ಒಂದು ಹಾಳೆಯಲ್ಲಿ ಬರೆದು ಸರ್ವರಿನ ಪಕ್ಕದ ಗೋಡೆಗೆ ಅಂಟಿಸು, ಅದರ ಒಂದು ಪ್ರತಿಯನ್ನು ಲೈಬ್ರರಿಯನ್ ಅವರ ಫೈಲಿಗೂ ಹಾಕು. ನಿನ್ನ ನಂತರ ಆ ಕುರ್ಚಿಗೆ ಬರುವವರಿಗೆ ನೀನು ತೋರಬಹುದಾದ ದಯೆ ಅದು.

ಈ ವಾರ ಮಾಡಬೇಕಾದ್ದು ಇಷ್ಟೇ. ಬಾಗಿಲ ಬಳಿಯ ಲುಬುಂಟು ಯಂತ್ರಗಳು ಎಷ್ಟಿವೆ, ಒಂದೊಂದರಲ್ಲೂ ಮೆಮೊರಿ ಎಷ್ಟಿದೆ ಎಂದು ಬರೆದುಕೋ. ಸರ್ವರಿನಲ್ಲಿ ‘ಪ್ರೊ ಸೆಕ್ಯುರಿಟಿ-ಸ್ಟೇಟಸ್’ ಕೊಟ್ಟು ಬಂದದ್ದನ್ನು ಹಾಗೇ ನನಗೆ ಕಳಿಸು. ಮುಂದಿನ ವರ್ಷದ ಶೈಕ್ಷಣಿಕ ಕ್ಯಾಲೆಂಡರ್ ಆಫೀಸಿನಲ್ಲಿ ಸಿಕ್ಕಿದರೆ ಅದರ ಫೋಟೋ ತೆಗೆದು ಕಳಿಸು, ರಜೆ ನೋಡಿ ದಿನ ಗುರುತು ಮಾಡೋಣ. ಅಕ್ಕನಿಗೆ ನಾನು ಕೇಳಿದೆನೆಂದು ಹೇಳು.